ಚೀನೀ ಮಾತಾಡುವವರಿಗೆ ಮೇಲ್ಮಟ್ಟದ ಇಂಗ್ಲಿಷ್ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚೀನೀ ಮಾತಾಡುವವರಿಗೆ ಇಂಗ್ಲಿಷ್ ಹೇಳಿಕೊಡುವ ಅಥವಾ ಅವರ ಜೊತೆ ದಿನವೂ ಕೆಲಸ ಮಾಡುವ ಕನ್ನಡಿಗರು ನನ್ನನ್ನು ಕೇಳುವ ಪ್ರಶ್ನೆಗಳು ಇವು. ನಾನು ಪಾಠ ಮಾಡುವುದು ದೊಡ್ಡವರಿಗೆ. ಕಾಲೇಜು ಮುಗಿಸಿ ಕೆಲಸದಲ್ಲಿರುವವರು, ಹೊರದೇಶಕ್ಕೆ ಓದಲು ಹೊರಟವರು. ಇಲ್ಲಿ ಚೀನೀ ಎಂದರೆ ಮ್ಯಾಂಡರಿನ್ ಎಂದಿಟ್ಟುಕೊಳ್ಳಿ.

ಚೀನಾದವರಿಗೆ ಇಂಗ್ಲಿಷೇ ಬರಲ್ಲ ಅಂತಾರೆ. ಅವರಿಗೆ ಮೇಲ್ಮಟ್ಟದ ಪದಗಳ ಪಾಠ ಯಾಕೆ?

ಬರಲ್ಲ ಅನ್ನುವುದು ತಪ್ಪು. ಮಾತಾಡಲು ಹಿಂಜರಿಯುತ್ತಾರೆ, ಅಷ್ಟೇ. 2001ರಿಂದ ಅಲ್ಲಿ ಮೂರನೇ ತರಗತಿಯಿಂದಲೇ ಇಂಗ್ಲಿಷ್ ಪಾಠ ಶುರುವಾಯಿತು. ಕಾಲೇಜು ಪ್ರವೇಶದ ಗಾವ್‌ಕಾವ್ ಪರೀಕ್ಷೆಯ 750 ಅಂಕಗಳಲ್ಲಿ 150 ಇಂಗ್ಲಿಷ್‌ಗೆ. ಅದಕ್ಕೆ ಹೆಚ್ಚುಕಮ್ಮಿ 3000 ಪದ ಗೊತ್ತಿರಬೇಕು. ಆಮೇಲೆ ಕಾಲೇಜಿನಲ್ಲಿ 1987ರಿಂದ ನಡೆಯುತ್ತಿರುವ ನಾಲ್ಕನೇ ಮಟ್ಟದ ಪರೀಕ್ಷೆ, ಅದರ ಮೇಲೆ ಆರನೇ ಮಟ್ಟದ್ದು. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಪಟ್ಟಿಯಲ್ಲಿ ಸುಮಾರು 5500 ಪದಗಳಿವೆ. ಇಷ್ಟನ್ನೂ ದಾಟಿ ಬಂದವರು ನನ್ನ ಎದುರು ಕೂರುತ್ತಾರೆ. ಅವರ ಕಣ್ಣಿಗೆ ಗೊತ್ತಿರುವ ಪದಗಳು ನಮ್ಮಲ್ಲಿ ಸಲೀಸಾಗಿ ಇಂಗ್ಲಿಷ್ ಮಾತಾಡುವ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ. ಹೊಸ ಪಟ್ಟಿ ಸದ್ಯಕ್ಕೆ ಬೇಡ. ಅರ್ಧ ಗೊತ್ತಿರುವ ಪದಗಳನ್ನು ಪೂರ್ತಿ ಮಾಡಿಕೊಳ್ಳಿ.

ಇಷ್ಟು ಪದ ಗೊತ್ತಿದ್ದೂ ಮಾತು ಯಾಕೆ ಬರಲ್ಲ?

ಕಲಿತ ರೀತಿ ಹಾಗಿದೆ. ಪದ ಕಲಿಯುವುದಕ್ಕೆ ಅಲ್ಲಿ ಎಲ್ಲರೂ ಹೇಳುವ ಮಾತು ‘ಬೇಯ್ ದಾನ್‌ತ್ಸ’. ಪದಗಳನ್ನು ಬಾಯಿಪಾಠ ಮಾಡುವುದು ಎಂದರ್ಥ. ‘ಬೇಯ್’ ಎಂದರೆ ಬೆನ್ನು ಕೂಡ. ಹಿಂದೆ ಹುಡುಗರು ಮೇಷ್ಟ್ರಿಗೆ ಬೆನ್ನು ತಿರುಗಿಸಿ ನಿಂತು ಪಾಠ ಒಪ್ಪಿಸುತ್ತಿದ್ದರು. ಈಗಲೂ ಪದಗಳ ಪಟ್ಟಿ ಹಿಡಿದು ಉರು ಹೊಡೆಯುವುದೇ ಮುಖ್ಯ ದಾರಿ. ಒಂದು ಇಂಗ್ಲಿಷ್ ಪದ, ಪಕ್ಕದಲ್ಲಿ ಒಂದೆರಡು ಚೀನೀ ಅಕ್ಷರ. ಪಟ್ಟಿ ಅಕಾರಾದಿಯಾಗಿರುವುದರಿಂದ ಮೊದಲ ಪುಟದಲ್ಲೇ ಸಿಗುವುದು ‘ಅಬ್ಯಾಂಡನ್’, ಅಂದರೆ ಕೈಬಿಡು. ಪ್ರತಿ ವರ್ಷ ಹೊಸ ಹುರುಪಿನಿಂದ ಪುಸ್ತಕ ತೆರೆದು, ಅಲ್ಲೇ ಕೈಬಿಡುವವರ ಬಗ್ಗೆ ಚೀನಾದ ವಿದ್ಯಾರ್ಥಿಗಳು ತಾವೇ ನಗುತ್ತಾರೆ. ಆ ಒಂದು ಪದ ಮಾತ್ರ ಎಲ್ಲರಿಗೂ ಗಟ್ಟಿ.

ಹೀಗೆ ಕಲಿತ ಪದ ಓದುವಾಗ ಗುರುತು ಸಿಗುತ್ತದೆ, ಬಾಯಿಗೆ ಬರುವುದಿಲ್ಲ. ಇದಕ್ಕೆ ಅವರೇ ಇಟ್ಟ ಹೆಸರು ‘ಯಾಬಾ ಯಿಂಗ್‌ಯು’, ಮೂಕ ಇಂಗ್ಲಿಷ್.

ಚೀನೀಯವರಿಗೆ ಇಂಗ್ಲಿಷ್‌ನ ದೊಡ್ಡ ಪದಗಳು ವಿಶೇಷವಾಗಿ ಕಷ್ಟ ಯಾಕೆ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಚೀನೀ ಭಾಷೆಯಲ್ಲಿ ದೊಡ್ಡ ಪದಗಳನ್ನು ಚಿಕ್ಕ ಪದಗಳಿಂದಲೇ ಕಟ್ಟುತ್ತಾರೆ. ಕಂಪ್ಯೂಟರ್ ಎಂದರೆ ‘ವಿದ್ಯುತ್-ಮಿದುಳು’. ಸಿನಿಮಾ ‘ವಿದ್ಯುತ್-ನೆರಳು’. ಜ್ವಾಲಾಮುಖಿ ‘ಬೆಂಕಿ-ಬೆಟ್ಟ’. ಹಂದಿ ಮಾಂಸ ‘ಹಂದಿ-ಮಾಂಸ’ವೇ, ದನದ ಮಾಂಸ ‘ದನ-ಮಾಂಸ’ವೇ. ಕೇಳಿದವರಿಗೆ ಅರ್ಥ ತಾನಾಗಿ ಹೊಳೆಯುತ್ತದೆ.

ಕಾಯಿಲೆಗಳ ಹೆಸರು ನೋಡಿ. ಶ್ವಾಸಕೋಶದ ಉರಿಯೂತ ‘ಫೇಯ್-ಯೆನ್’, ಯಕೃತ್ತಿನದು ‘ಗಾನ್-ಯೆನ್’, ಮಿದುಳಿನದು ‘ನಾವ್-ಯೆನ್’. ‘ಯೆನ್’ ಎಂದರೆ ಉರಿಯೂತ. ಮೊದಲ ಭಾಗ ಅಂಗದ ಹೆಸರು. ಶಾಲೆಯ ಹುಡುಗನಿಗೂ ಎಲ್ಲಿ ಏನಾಗಿದೆ ಎಂದು ತಿಳಿಯುತ್ತದೆ. ಈಗ ಇಂಗ್ಲಿಷ್‌ಗೆ ಬನ್ನಿ: ನ್ಯುಮೋನಿಯಾ, ಹೆಪಟೈಟಿಸ್, ಎನ್ಸೆಫಲೈಟಿಸ್. ಲಂಗ್, ಲಿವರ್, ಬ್ರೇನ್ ಎಂಬ ಪದಗಳು ಗೊತ್ತಿದ್ದೂ ಏನೂ ಉಪಯೋಗವಿಲ್ಲ. ಎಲ್ಲ ಗ್ರೀಕ್‌ನಿಂದ ಬಂದವು. ನಮ್ಮ ಜನ ‘ಮಿದುಳು ಜ್ವರ’ ಎಂದು ಕರೆದು ವಿಷಯ ಮುಗಿಸುತ್ತಾರಲ್ಲ, ಚೀನೀ ಭಾಷೆ ವೈದ್ಯಕೀಯ ಪುಸ್ತಕದಲ್ಲೂ ಹೆಚ್ಚುಕಮ್ಮಿ ಅದನ್ನೇ ಮಾಡುತ್ತದೆ.

ಇಂಗ್ಲಿಷ್ ಹೀಗಾದದ್ದಕ್ಕೆ ಇತಿಹಾಸದ ಕಾರಣವಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿ ಬಂದವು. ಕೊಟ್ಟಿಗೆಯಲ್ಲಿರುವಾಗ ಪಿಗ್, ತಟ್ಟೆಗೆ ಬಂದರೆ ಪೋರ್ಕ್. ಆಮೇಲೆ ವಿದ್ವಾಂಸರು ಲ್ಯಾಟಿನ್, ಗ್ರೀಕ್ ಪದಗಳನ್ನು ತಂದರು. ದಿನಬಳಕೆಯ ಪದ ಒಂದು ಮೂಲದ್ದು, ಶಾಸ್ತ್ರದ ಪದ ಇನ್ನೊಂದರದ್ದು. ಇದನ್ನು ಹೇಳಿಕೊಟ್ಟರೆ ವಿದ್ಯಾರ್ಥಿಗೆ ಧೈರ್ಯ ಬರುತ್ತದೆ. ತನ್ನ ನೆನಪಿನ ಶಕ್ತಿಯೇ ಸರಿಯಿಲ್ಲ ಎಂದು ಕೊರಗುವವರು ಬಹಳ ಜನ.

ಹಾಗಾದರೆ ಧಾತುಗಳನ್ನು, ಅಂದರೆ ಪದಗಳ ಮೂಲ ತುಣುಕುಗಳನ್ನು, ಕಲಿಸಿದರೆ ಆಯಿತಲ್ವಾ?

ಕಲಿಸಿ, ಆದರೆ ಅದರ ಮಿತಿ ಗೊತ್ತಿರಲಿ. ಚೀನೀಯವರಿಗೆ ಈ ದಾರಿ ಬೇಗ ಒಗ್ಗುತ್ತದೆ, ಯಾಕೆಂದರೆ ಅವರ ಲಿಪಿಯಲ್ಲೇ ಅಂಥದ್ದೊಂದು ಇದೆ. ನೀರಿಗೆ ಸಂಬಂಧಿಸಿದ ಅಕ್ಷರಗಳ ಎಡಗಡೆ ಮೂರು ಹನಿಗಳ ಗುರುತು. ಮಾತಿಗೆ ಬೇರೆ ಗುರುತು, ಕಾಯಿಲೆಗೆ ಬೇರೆ. ‘ಸ್ಪೆಕ್ಟ್’ ಎಂದರೆ ನೋಡು, ನಿಮ್ಮ ಕಣ್ಣಿನ ಗುರುತು ಇದ್ದ ಹಾಗೆ ಎಂದರೆ ಸಾಕು. ಇನ್‌ಸ್ಪೆಕ್ಟ್, ಪ್ರಾಸ್ಪೆಕ್ಟ್, ರೆಟ್ರೋಸ್ಪೆಕ್ಟ್ ಎಲ್ಲ ಸಾಲಾಗಿ ನಿಲ್ಲುತ್ತವೆ.

ವೈದ್ಯಕೀಯ, ಜೀವಶಾಸ್ತ್ರದ ಪದಗಳಿಗೆ ಇದು ಚಿನ್ನದಂಥ ಉಪಾಯ. ಆದರೆ ಸಾಮಾನ್ಯ ಬರಹದ ಪದಗಳಲ್ಲಿ ಕೈ ಕೊಡುತ್ತದೆ. ‘ಮಿಟ್’ ಎಂದರೆ ಲ್ಯಾಟಿನ್‌ನಲ್ಲಿ ಕಳಿಸು. ಟ್ರಾನ್ಸ್‌ಮಿಟ್ ಸರಿಹೋಯಿತು. ಕಮಿಟ್? ‘ಜೊತೆಗೆ ಕಳಿಸು’ ಎಂದುಕೊಂಡರೆ ಎಲ್ಲಿಗೂ ತಲುಪುವುದಿಲ್ಲ. ಧಾತುವನ್ನು ಕಲಿತ ಮೇಲೆ ನೆನಪಿಗೆ ಬಳಸಬಹುದು. ಗೊತ್ತಿಲ್ಲದ ಪದದ ಅರ್ಥ ಊಹಿಸಲು ಬಳಸಿದರೆ ಅರ್ಧಕ್ಕರ್ಧ ತಪ್ಪುತ್ತದೆ.

ಧ್ವನಿ ಸಾಮ್ಯದಿಂದ ನೆನಪಿಡುವ ತಂತ್ರ?

ಚೀನಾದಲ್ಲಿ ಅದು ಭಾರಿ ಜನಪ್ರಿಯ. ಆಂಬುಲೆನ್ಸ್ ಎಂಬುದನ್ನು ‘ಆನ್ ಬು ನೆಂಗ್ ಸ’, ‘ನಾನು ಸಾಯೋ ಹಾಗಿಲ್ಲ’ ಎಂದು ನೆನಪಿಡುತ್ತಾರೆ. ಎಕಾನಮಿ ‘ಯಿಕಾವ್ ನೊಂಗ್‌ಮಿನ್’, ಅಂದರೆ ರೈತರನ್ನು ನಂಬಿಕೋ. ಪೆಸ್ಟ್ ಎಂದರೆ ‘ಪಾಯ್ ಸ ತಾ’, ಹೊಡೆದು ಸಾಯಿಸು. ಒಮ್ಮೆ ಕೇಳಿದರೆ ಮರೆಯುವುದಿಲ್ಲ ಎನ್ನುವುದು ನಿಜ. ತೊಂದರೆ ಏನೆಂದರೆ ಉಚ್ಚಾರಣೆಯೂ ಹಾಗೇ ಕೂತುಬಿಡುತ್ತದೆ. ಎಷ್ಟೇ ಸಲ ಓದಿದರೂ ತಲೆಗೆ ಹತ್ತದ ಒಂದೊಂದು ಪದಕ್ಕೆ ಬಳಸಲಿ. ಅದನ್ನೇ ಪದ್ಧತಿ ಮಾಡಿಕೊಳ್ಳುವುದು ಬೇಡ.

ಒಂದು ಪದವನ್ನು ಪೂರ್ತಿ ಕಲಿಯುವುದು ಅಂದರೆ ಏನು? ಉದಾಹರಣೆ ಕೊಡಿ.

ಮೇಲಿನ ‘ಕಮಿಟ್’ ಅನ್ನೇ ತೆಗೆದುಕೊಳ್ಳೋಣ. ಚೀನಾದ ಪಟ್ಟಿಗಳಲ್ಲಿ ಅದರ ಮುಂದೆ ‘ಫಾನ್’ ಎಂದಿರುತ್ತದೆ, ತಪ್ಪು ಅಥವಾ ಅಪರಾಧ ಮಾಡು ಎಂದು. ಇದನ್ನು ಉರು ಹೊಡೆದವರು ‘ಶಿ ಈಸ್ ಅ ಕಮಿಟೆಡ್ ಟೀಚರ್’ ಎಂಬ ವಾಕ್ಯ ನೋಡಿ ಗಾಬರಿಯಾಗುತ್ತಾರೆ. ಟೀಚರ್ ಏನು ಅಪರಾಧ ಮಾಡಿದಳು?

ನಾನು ಆಗ ಹೊಸ ಕಾರ್ಡ್ ಬರೆಸುತ್ತೇನೆ. ಮುಂದುಗಡೆ ಪದ ಒಂದೇ ಇರಬಾರದು, ಮೂರು ತುಣುಕು ವಾಕ್ಯ ಇರಬೇಕು. ಕಮಿಟ್ ಅ ಕ್ರೈಮ್. ಕಮಿಟ್ ಮನಿ ಟು ಅ ಪ್ರಾಜೆಕ್ಟ್. ಬಿ ಕಮಿಟೆಡ್ ಟು ಡೂಯಿಂಗ್ ಸಮ್‌ಥಿಂಗ್. ಮೂರನೆಯದರಲ್ಲಿ ‘ಟು’ ಆದಮೇಲೆ ‘ಡೂಯಿಂಗ್’ ಬಂದಿದೆ, ‘ಡು’ ಅಲ್ಲ. ಅದಕ್ಕೆ ಕೆಳಗೆರೆ ಎಳೆಯಬೇಕು. ಹಿಂದುಗಡೆ ಚೀನೀ ಅರ್ಥ ಬರೆಯಲಿ, ಪರವಾಗಿಲ್ಲ. ಆದರೆ ಮೂರಕ್ಕೂ ಬೇರೆ ಬೇರೆ ಬರೆಯಲಿ. ಎರಡನೆಯದಕ್ಕೆ ‘ಮೀಸಲಿಡು’, ಮೂರನೆಯದಕ್ಕೆ ‘ಮನಸಾರೆ ತೊಡಗು’. ಆಮೇಲೆ ಈ ಮೂರನ್ನೂ ಕೂಡಿಸುವ ಎಳೆ ಯಾವುದು ಎಂದು ಕೇಳುತ್ತೇನೆ. ಒಮ್ಮೆ ಕೈ ಹಾಕಿದರೆ ಹಿಂದಕ್ಕೆ ಬರಲಾಗದು ಎನ್ನುವುದು ಮೂರರಲ್ಲೂ ಇದೆ ಎಂದು ಅವರೇ ಕಂಡುಹಿಡಿಯುತ್ತಾರೆ. ಕೊನೆಗೆ ತಮ್ಮ ಕೆಲಸದ ಬಗ್ಗೆ ಒಂದು ವಾಕ್ಯ ಬರೆದು ಜೋರಾಗಿ ಓದುತ್ತಾರೆ. ಕಾಲು ಗಂಟೆ ಹಿಡಿಯುತ್ತದೆ. ಪಟ್ಟಿಯ ಇಪ್ಪತ್ತು ಪದ ಓಡಿಸುವುದಕ್ಕಿಂತ ಈ ಕಾಲು ಗಂಟೆ ಮೇಲು.

ಗೊತ್ತಿರುವ ಪದದ ಗೊತ್ತಿಲ್ಲದ ಅರ್ಥಕ್ಕೆ ಅಲ್ಲಿನ ಪರೀಕ್ಷೆ ಬರೆಯುವವರು ‘ಶು ತ್ಸ ಪಿ ಯಿ’ ಎನ್ನುತ್ತಾರೆ. ನಾವೆಲ್ ಎಂದರೆ ಕಾದಂಬರಿ ಗೊತ್ತು, ‘ಹೊಸ ಬಗೆಯ’ ಗೊತ್ತಿಲ್ಲ. ಅಡ್ರೆಸ್ ಎಂದರೆ ವಿಳಾಸ ಗೊತ್ತು, ಸಮಸ್ಯೆಯನ್ನು ಅಡ್ರೆಸ್ ಮಾಡುವುದು ಗೊತ್ತಿಲ್ಲ. ಚಾಂಪಿಯನ್ ಎಂದರೆ ಗೆದ್ದವನು ಗೊತ್ತು, ಒಂದು ವಿಚಾರದ ಪರ ನಿಲ್ಲುವುದು ಗೊತ್ತಿಲ್ಲ. ಮೇಲ್ಮಟ್ಟದ ಓದಿನಲ್ಲಿ ಕಾಲು ಜಾರುವುದು ಜಾಸ್ತಿ ಇಂಥ ಕಡೆಯೇ.

ಅವರು ‘ಓಪನ್ ದಿ ಲೈಟ್’ ಅಂತಾರೆ. ಯಾಕೆ?

ಚೀನೀ ಭಾಷೆಯ ‘ಕಾಯ್’ ಎಂಬ ಕ್ರಿಯಾಪದದಿಂದ. ಮೊದಲ ಅರ್ಥ ತೆರೆ. ಆದರೆ ಲೈಟ್ ಹಾಕುವುದೂ ಕಾಯ್, ಗಾಡಿ ಓಡಿಸುವುದೂ ಕಾಯ್, ಮೀಟಿಂಗ್ ನಡೆಸುವುದೂ ಕಾಯ್, ಕಂಪನಿ ಶುರು ಮಾಡುವುದೂ ಕಾಯ್, ಡಾಕ್ಟರು ಔಷಧಿ ಬರೆದುಕೊಡುವುದೂ ಕಾಯ್, ತಮಾಷೆ ಮಾಡುವುದೂ ಕಾಯ್. ಇಂಗ್ಲಿಷ್‌ನಲ್ಲಿ ಇವಕ್ಕೆಲ್ಲ ಬೇರೆ ಬೇರೆ ಪದ ಬೇಕು.

ಕನ್ನಡದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಮ್ಮ ‘ಹಾಕು’ ನೋಡಿ. ಲೈಟ್ ಹಾಕು, ಬೀಗ ಹಾಕು, ಸಹಿ ಹಾಕು, ಚಪ್ಪಲಿ ಹಾಕು, ಗೊಬ್ಬರ ಹಾಕು, ಶಾಪ ಹಾಕು. ‘ಪುಟ್ ದಿ ಲೈಟ್’ ಎಂದು ಹೇಳುವ ಕನ್ನಡಿಗರು ಎಷ್ಟು ಜನ ಇಲ್ಲ ಹೇಳಿ.

ಹಾಗೆಯೇ ‘ಬಿಗ್ ರೇನ್’, ‘ಈಟ್ ಮೆಡಿಸಿನ್’, ‘ಲರ್ನ್ ನಾಲೆಜ್’. ವ್ಯಾಕರಣ ಎಲ್ಲ ಸರಿ, ಪದವೂ ಗೊತ್ತಿರುವುದೇ, ಜೊತೆಗಾರ ಮಾತ್ರ ತಪ್ಪು. ಮೇಲ್ಮಟ್ಟಕ್ಕೆ ಹೋದ ಹಾಗೆ ಇದು ಹೆಚ್ಚಾಗುತ್ತದೆ. ಅದಕ್ಕೇ ಪದವನ್ನು ಒಂಟಿಯಾಗಿ ಬರೆದುಕೊಳ್ಳಲು ನಾನು ಬಿಡುವುದಿಲ್ಲ. ನಾಮಪದ ಬರೆದರೆ ಅದರ ಕ್ರಿಯಾಪದವೂ ಜೊತೆಗಿರಬೇಕು: ಅಕ್ವೈರ್ ನಾಲೆಜ್, ಡ್ರಾ ಅ ಕನ್‌ಕ್ಲೂಷನ್, ರೇಸ್ ಅ ಕ್ವೆಶ್ಚನ್.

ಚೀನೀ ಅರ್ಥ ಒಂದೇ, ಇಂಗ್ಲಿಷ್ ಪದ ನಾಲ್ಕು. ಹೇಗೆ ಬಿಡಿಸುವುದು?

‘ಯಿಂಗ್‌ಶಿಯಾಂಗ್’ ಎಂಬ ಒಂದೇ ಪದ ಅಫೆಕ್ಟ್, ಎಫೆಕ್ಟ್, ಇನ್‌ಫ್ಲುಯೆನ್ಸ್, ಇಂಪ್ಯಾಕ್ಟ್ ನಾಲ್ಕಕ್ಕೂ ನಿಲ್ಲುತ್ತದೆ. ಸಾಲ ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ‘ಜಿಯೆ’ ಒಂದೇ. ವ್ಯಾಖ್ಯೆಗಳಿಂದ ಇದು ಬಗೆಹರಿಯುವುದಿಲ್ಲ. ನಾಲ್ಕು ಪದಗಳಿಗೂ ನಿಜವಾದ ಬರಹದಿಂದ ಐದೈದು ವಾಕ್ಯ ಹೆಕ್ಕಿ, ಪದದ ಜಾಗ ಖಾಲಿ ಬಿಟ್ಟು ತುಂಬಿಸಲು ಹೇಳಿ. ಕಿವಿಗೆ ಅಭ್ಯಾಸವಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಪದದ ತೂಕ. ‘ಶ್ವೆನ್‌ಛುವಾನ್’ ಎಂದರೆ ಪ್ರಚಾರ. ಚೀನೀಯಲ್ಲಿ ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಆರೋಗ್ಯದ ಅರಿವು ಮೂಡಿಸುವುದೂ ಅದೇ, ಸಿನಿಮಾ ಪ್ರಚಾರವೂ ಅದೇ. ಹಳೆಯ ನಿಘಂಟುಗಳು ಅದಕ್ಕೆ ಪ್ರಾಪಗ್ಯಾಂಡಾ ಎಂದು ಕೊಟ್ಟವು. ಇಂಗ್ಲಿಷ್ ಓದುಗರಿಗೆ ಆ ಪದ ಕೇಳಿದರೆ ಸುಳ್ಳಿನ ವಾಸನೆ ಬರುತ್ತದೆ. ಚೀನಾದ ಕಮ್ಯುನಿಸ್ಟ್ ಪಕ್ಷದ ಪ್ರಚಾರ ವಿಭಾಗವೇ ತನ್ನ ಇಂಗ್ಲಿಷ್ ಹೆಸರನ್ನು ಪಬ್ಲಿಸಿಟಿ ಡಿಪಾರ್ಟ್‌ಮೆಂಟ್ ಎಂದು ಬದಲಿಸಿಕೊಂಡಿತು. ಚೀನೀ ಹೆಸರು ಹಾಗೇ ಉಳಿಯಿತು. ಕಂಪನಿಯ ಹೊಸ ಉತ್ಪನ್ನದ ಪ್ರಾಪಗ್ಯಾಂಡಾ ಪ್ಲಾನ್ ಎಂದು ಬರೆಯುವ ಸಹೋದ್ಯೋಗಿ ನಿಮಗಿದ್ದರೆ ನಗಬೇಡಿ. ಪಕ್ಕಕ್ಕೆ ಕರೆದು ಹೇಳಿ.

‘ಐ ವಿಲ್ ಸಕ್ಸೆಸ್’ ಅಂತ ಬರೆಯುತ್ತಾರೆ, ಪಿಎಚ್‌ಡಿ ಮಾಡಿದವರೂ!

‘ಛೆಂಗ್‌ಗೊಂಗ್’ ಎಂಬುದು ಗೆಲುವೂ ಹೌದು, ಗೆಲ್ಲುವುದೂ ಹೌದು, ಗೆದ್ದ ಎಂಬ ವಿಶೇಷಣವೂ ಹೌದು. ರೂಪ ಬದಲಾಗುವುದಿಲ್ಲ. ಇಂಗ್ಲಿಷ್‌ನಲ್ಲಿ ಸಕ್ಸೆಸ್, ಸಕ್ಸೀಡ್, ಸಕ್ಸೆಸ್‌ಫುಲ್ ಎಂದು ಒಂದು ಕುಟುಂಬವೇ ಇದೆ. ಪದ ಕಲಿಸುವಾಗ ಕುಟುಂಬ ಸಮೇತ ಕಲಿಸಿ. ಅಷ್ಟೇ.

ಪ್ರಬಂಧದಲ್ಲಿ ಭಾರಿ ಭಾರಿ ಪದ ತುರುಕುತ್ತಾರೆ. ಬಿಡಿಸುವುದು ಹೇಗೆ?

ಇದು ಅವರ ತಪ್ಪಲ್ಲ. ಗಾವ್‌ಕಾವ್ ಪ್ರಬಂಧಕ್ಕೆ ಅಂಕ ಹಾಕುವ ಸೂಚನೆಯಲ್ಲೇ ‘ಗಾವ್‌ಜಿ ತ್ಸಹುಯ್’, ಮೇಲ್ಮಟ್ಟದ ಪದಗಳನ್ನು ಬಳಸಿದರೆ ಒಳ್ಳೆಯದು ಎಂಬ ಅರ್ಥದ ಮಾತಿದೆ. ಹಾಗಾಗಿ ಟ್ಯೂಷನ್‌ನಲ್ಲಿ ಥಿಂಕ್ ಬದಲು ‘ಹೋಲ್ಡ್ ದಿ ಬಿಲೀಫ್’, ಮೆನಿ ಬದಲು ‘ಅ ಹೋಸ್ಟ್ ಆಫ್’ ಎಂದು ಹೇಳಿಕೊಡುತ್ತಾರೆ. ‘ಎವ್ರಿ ಕಾಯ್ನ್ ಹ್ಯಾಸ್ ಟೂ ಸೈಡ್ಸ್’ ಅಂತೂ ಎಷ್ಟೋ ಪ್ರಬಂಧಗಳಲ್ಲಿ ಬರುತ್ತದೆ. ಜೊತೆಗೆ ಚೀನೀ ಬರಹದಲ್ಲಿ ನಾಲ್ಕಕ್ಷರದ ಹಳೆಯ ನುಡಿಗಟ್ಟುಗಳನ್ನು ಪೋಣಿಸುವುದು ವಿದ್ಯಾವಂತಿಕೆಯ ಗುರುತು. ಆ ಅಭಿರುಚಿಯನ್ನು ಇಂಗ್ಲಿಷ್‌ಗೂ ತರುತ್ತಾರೆ.

ನಾನು ಮಾಡಿಸುವುದು ಇಷ್ಟು: ಒಳ್ಳೆಯ ಪತ್ರಿಕೆಯ ಒಂದು ಸಂಪಾದಕೀಯ ಕೊಟ್ಟು, ಅದರಲ್ಲಿ ನಿಮಗೆ ಗೊತ್ತಿಲ್ಲದ ಪದ ಎಷ್ಟಿವೆ ಎಂದು ಎಣಿಸಿ ಅನ್ನುತ್ತೇನೆ. ಬೆರಳೆಣಿಕೆಯಷ್ಟು ಸಿಗುತ್ತವೆ. ಉಳಿದದ್ದೆಲ್ಲ ಗೊತ್ತಿರುವ ಪದಗಳೇ, ಗೊತ್ತಿಲ್ಲದ ಜೋಡಣೆಯಲ್ಲಿ. ನೋಡಿದ ಮೇಲೆ ವಾದ ಬೇಕಾಗುವುದಿಲ್ಲ.

ಒಟ್ಟು ಎಷ್ಟು ಪದ ಬೇಕು?

ಕಾದಂಬರಿ, ಪತ್ರಿಕೆಗಳನ್ನು ಯಾರ ಸಹಾಯವೂ ಇಲ್ಲದೆ ಓದಲು 8000ದಿಂದ 9000 ಪದ-ಕುಟುಂಬಗಳು ಬೇಕು ಎಂಬುದು ನ್ಯೂಜಿಲೆಂಡ್‌ನ ಭಾಷಾ ವಿದ್ವಾಂಸ ಪಾಲ್ ನೇಷನ್ ಅವರು 2006ರಲ್ಲಿ ಕೊಟ್ಟ ಲೆಕ್ಕ. ಓದಿಗಾಗಿ ಹೊರದೇಶಕ್ಕೆ ಹೋಗುವವರು ಮೊದಲು ಹಿಡಿಯಬೇಕಾದದ್ದು ಬೇರೆ. ಎವ್ರಿಲ್ ಕಾಕ್ಸ್‌ಹೆಡ್ ಅವರು 2000ದಲ್ಲಿ ಪ್ರಕಟಿಸಿದ 570 ಪದ-ಕುಟುಂಬಗಳ ವಿದ್ವತ್ ಪದಪಟ್ಟಿ ಇದೆ. ಅಧ್ಯಯನದ ಬರಹಗಳಲ್ಲಿ ಹತ್ತರಲ್ಲಿ ಒಂದು ಪದ ಈ ಪಟ್ಟಿಯದ್ದೇ. ಇದನ್ನು ಬಿಟ್ಟು, ಹೊರದೇಶದಲ್ಲಿ ಸ್ನಾತಕೋತ್ತರ ಓದಿಗೆ ಬರೆಯುವ ಜಿಆರ್‌ಇ ಪರೀಕ್ಷೆಯ ಪಟ್ಟಿಗೆ ಹಾರುವುದು ಬೇಡ. 2011ರಲ್ಲಿ ಜಿಆರ್‌ಇ ಪರೀಕ್ಷೆಯೇ ವಿರುದ್ಧಪದದ ಪ್ರಶ್ನೆಗಳನ್ನು ತೆಗೆದುಹಾಕಿ, ಸಂದರ್ಭ ನೋಡಿ ಪದ ತುಂಬುವ ಕಡೆಗೆ ತಿರುಗಿತು.

ಆ್ಯಪ್‌ಗಳು ಉಪಯೋಗಕ್ಕೆ ಬರುತ್ತವಾ?

ಮರೆಯದೆ ಇರಲು ಬರುತ್ತವೆ. ಚಿತ್ರ ತೋರಿಸಿ ಕಲಿಸುವ ಬಾಯ್‌ತ್ಸಚಾನ್, ಮೋಮೋ ಮುಂತಾದವು ಚೀನಾದಲ್ಲಿ ಮನೆಮಾತು. ಎಲ್ಲ ಕಡೆ ಸಿಗುವ ಆಂಕಿ ಕೂಡ ಇದೆ. ಇವೆಲ್ಲದರ ಹಿಂದಿರುವುದು ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ತೋರಿಸುವ ಉಪಾಯ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ 1885ರಲ್ಲಿ, ಕಲಿತದ್ದನ್ನು ಹೊತ್ತು ಕಳೆದ ಹಾಗೆ ಎಷ್ಟು ಮರೆಯುತ್ತೇವೆ ಎಂದು ತೋರಿಸುವ ಮರೆವಿನ ರೇಖೆ ಪ್ರಕಟಿಸಿದ. ಚೀನಾದ ಪದಪುಸ್ತಕಗಳು ಅವನ ಹೆಸರಿನಲ್ಲಿ 1, 2, 4, 7, 15ನೇ ದಿನದ ವೇಳಾಪಟ್ಟಿಯನ್ನೇ ಅಚ್ಚು ಹಾಕುತ್ತವೆ. ಆದರೆ ಅವನು ಪ್ರಯೋಗ ಮಾಡಿದ್ದು ಅರ್ಥವೇ ಇಲ್ಲದ ಉಲಿಗಳ ಮೇಲೆ. ಪದಕ್ಕೆ ಅರ್ಥವಿದೆ, ಜೊತೆಗಾರರಿದ್ದಾರೆ. ಹಾಗಾಗಿ ಆ್ಯಪ್‌ನ ಸಿದ್ಧ ಪಟ್ಟಿ ಬೇಡ. ತಾವೇ ಓದಿದ ವಾಕ್ಯಗಳ ಕಾರ್ಡುಗಳನ್ನು ಅದರೊಳಗೆ ಹಾಕಿಕೊಳ್ಳಲಿ.

ಓದಿದರೆ ಗೊತ್ತಾಗುತ್ತದೆ, ಕೇಳಿದರೆ ಗೊತ್ತಾಗಲ್ಲ. ಪರಿಹಾರ?

ಮ್ಯಾಂಡರಿನ್‌ನಲ್ಲಿ ಒಂದು ಉಚ್ಚಾರಾಂಶ ಸ್ವರದಲ್ಲಿ ಮುಗಿಯಬೇಕು, ಇಲ್ಲವೇ ‘ನ್’, ‘ಙ್’, ‘ರ್’ ಇಷ್ಟರಲ್ಲಿ. ಕೊನೆಯ ‘ಟ್’, ‘ಕ್’, ‘ಸ್ಟ್’ ಕಿವಿಗೆ ಬೀಳುವುದೇ ಕಷ್ಟ. ನಾವು ಬಸ್ ಎಂಬುದನ್ನು ಬಸ್ಸು ಮಾಡಿಕೊಂಡ ಹಾಗೆ ಅವರೂ ಒಂದು ಸ್ವರ ಸೇರಿಸಿಕೊಳ್ಳುತ್ತಾರೆ. ಇನ್ನೊಂದು, ಒತ್ತು. ಫೋಟೋಗ್ರಾಫ್‌ನಲ್ಲಿ ಮೊದಲ ಭಾಗಕ್ಕೆ ಒತ್ತು, ಫೋಟೋಗ್ರಫಿಯಲ್ಲಿ ಎರಡನೆಯದಕ್ಕೆ. ಒತ್ತು ಜಾಗ ಬದಲಿಸಿದರೆ ಗೊತ್ತಿರುವ ಪದವೂ ಅಪರಿಚಿತ. ಕಾರ್ಡಿನಲ್ಲಿ ಒತ್ತಿನ ಗುರುತು ಕಡ್ಡಾಯ ಮಾಡಿ, ಪದ ಕೇಳಿಸಿಕೊಂಡ ಮೇಲೆಯೇ ಅಕ್ಷರ ನೋಡಲು ಹೇಳಿ.

ಮಾತಾಡುವ ಅವಕಾಶ ಅವರಿಗೆ ಎಲ್ಲಿದೆ?

‘ಇಂಗ್ಲಿಷ್ ಮೂಲೆ’ ಎಂಬ ಪದ್ಧತಿ ಅಲ್ಲಿದೆ. ಶಾಂಘಾಯ್‌ನ ಪೀಪಲ್ಸ್ ಪಾರ್ಕಿನಲ್ಲಿ, ಬೀಜಿಂಗ್‌ನ ರೆನ್‌ಮಿನ್ ವಿಶ್ವವಿದ್ಯಾಲಯದಲ್ಲಿ ಪರಿಚಯವೇ ಇಲ್ಲದವರು ಸುಮ್ನೆ ಸೇರಿ ಇಂಗ್ಲಿಷ್‌ನಲ್ಲಿ ಹರಟೆ ಹೊಡೆಯುವುದು ಹೆಸರಾಗಿತ್ತು. 2021ರಲ್ಲಿ ಸರ್ಕಾರ ಶಾಲಾ ಟ್ಯೂಷನ್‌ಗಳ ಮೇಲೆ ಬಿಗಿ ನಿಯಮ ತಂದ ಮೇಲೆ ನ್ಯೂ ಓರಿಯೆಂಟಲ್ ಎಂಬ ದೊಡ್ಡ ಕೋಚಿಂಗ್ ಸಂಸ್ಥೆ ಆನ್‌ಲೈನ್‌ನಲ್ಲಿ ದಿನಸಿ ಮಾರಲು ಇಳಿಯಿತು. 2022ರ ಜೂನ್‌ನಲ್ಲಿ ಅದರ ಮೇಷ್ಟ್ರು ದೊಂಗ್ ಯುಹುಯ್ ಸಾಮಾನು ಮಾರುತ್ತಲೇ ಚಿಕ್ಕ ಬಿಳಿ ಹಲಗೆಯ ಮೇಲೆ ಇಂಗ್ಲಿಷ್ ಪದ ಬರೆದು ಹೇಳಿಕೊಟ್ಟರು. ದೇಶವೇ ಕೂತು ನೋಡಿತು. ಕೈಯಲ್ಲಿರುವ ವಸ್ತುವಿನ ಬಗ್ಗೆ ಮಾತಾಡುತ್ತಾ ಪದ ಕಲಿಯುವ ಹಸಿವು ಎಷ್ಟಿತ್ತು ಎಂದು ನನಗೆ ಆಗ ತಿಳಿಯಿತು. ನನ್ನ ತರಗತಿಯಲ್ಲೂ ಈಗ ಮೇಜಿನ ಮೇಲೆ ಏನಾದರೂ ಒಂದು ವಸ್ತು ಇರುತ್ತದೆ.

ನನಗೆ ಚೀನೀ ಬರಲ್ಲ. ಕಲಿಸಬಹುದಾ?

ಧಾರಾಳವಾಗಿ. ವಿದ್ಯಾರ್ಥಿ ವಿಚಿತ್ರವಾದ ವಾಕ್ಯ ಬರೆದಾಗ ಅದನ್ನು ತಿದ್ದುವ ಮೊದಲು, ‘ಇದನ್ನು ನಿಮ್ಮ ಭಾಷೆಯಲ್ಲಿ ಹೇಗೆ ಹೇಳುತ್ತೀರಿ, ಒಂದೊಂದೇ ಪದ ಬಿಡಿಸಿ ಹೇಳಿ’ ಎಂದು ಕೇಳಿ. ತಪ್ಪಿನ ಬೇರು ಅಲ್ಲೇ ಸಿಗುತ್ತದೆ. ಒಂದು ನೋಟ್‌ಬುಕ್‌ನಲ್ಲಿ ಎಡಗಡೆ ಅವರ ವಾಕ್ಯ, ಮಧ್ಯದಲ್ಲಿ ಚೀನೀ ಜೋಡಣೆ, ಬಲಗಡೆ ಸರಿಯಾದ ಇಂಗ್ಲಿಷ್ ಬರೆಯುತ್ತಾ ಹೋಗಿ. ಒಂದೇ ವರ್ಷದಲ್ಲಿ ಯಾವ ಅಂಗಡಿಯಲ್ಲೂ ಸಿಗದ ಪಠ್ಯಪುಸ್ತಕ ನಿಮ್ಮ ಕೈಯಲ್ಲಿರುತ್ತದೆ. ಮುಂದಿನ ವಿದ್ಯಾರ್ಥಿಗೆ ಅದರ ಮೊದಲ ಪುಟದಿಂದಲೇ ಪಾಠ ಶುರು ಮಾಡಬಹುದು.